ಮೊದಲನೇ ಮಗ್ಗದ ಕೈಸನ್ನೆ

ನೇಯ್ಗೆ ಶೆಡ್ಡಿನ ಹಿಂಬದಿಯಲ್ಲಿದ್ದ ತೊಟ್ಟಿಲಮನೆಯನ್ನು ಪುರಸಭೆ ಮುಚ್ಚಿಸಿತು. ಮೂವತ್ತೊಂದು ಕೂಸುಗಳನ್ನು ತಾಯಂದಿರ ಕೈಗೆ ಕೊಟ್ಟು, ತೊಟ್ಟಿಲುಗಳನ್ನು ಹೊರಗಿಟ್ಟು, ಆ ಜಾಗವನ್ನು ನೂಲಿನ ಗೋದಾಮು ಮಾಡಿಕೊಳ್ಳಲು ಶೆಡ್ಡಿನ ಧಣಿಗೆ ಕೊಟ್ಟಿತು. ಅಂದಿನಿಂದ ಕೂಸುಗಳು ಮಗ್ಗಗಳ ಪಕ್ಕದಲ್ಲಿ, ಖಾಲಿ ನೂಲಿನ ಪೆಟ್ಟಿಗೆಗಳಲ್ಲಿ ಬೆಳೆದವು. ಅವುಗಳಲ್ಲಿ ಒಂದಕ್ಕೆ ಈಗ ಎಡಗಿವಿ ಕೇಳಿಸುವುದಿಲ್ಲ.

ಆ ಮಗು ಗಂಟಕ್ಕನ ಮೊಮ್ಮಗಳು.

ಗಂಟಕ್ಕ ಆ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಹರಿದ ಎಳೆಗಳಿಗೆ ಗಂಟು ಹಾಕುತ್ತ ಬಂದವಳು. ಅವಳು ಹಾಕಿದ ಗಂಟು ಬಟ್ಟೆಯಲ್ಲಿ ಬೆರಳಿಗೆ ಸಿಗುತ್ತಿರಲಿಲ್ಲ, ಕಣ್ಣಿಗಂತೂ ಇಲ್ಲವೇ ಇಲ್ಲ. ಬಾಗಿಲ ಬಳಿಯ ಮೊದಲನೇ ಮಗ್ಗ ಅವಳದು. ಅವಳ ಮಗಳು ನಾಲ್ಕನೆಯದರಲ್ಲಿ. ಮಗಳ ಕಾಲ ಬಳಿಯ ಪೆಟ್ಟಿಗೆಯಲ್ಲಿ ಆ ಮಗು. ನಿಂತಲ್ಲಿ ನಿಲ್ಲದೆ ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದುದರಿಂದ ಎಲ್ಲರೂ ಅದನ್ನು ಲಾಳಿ ಎನ್ನುತ್ತಿದ್ದರು.

ನೂರಾ ಹನ್ನೆರಡು ಮಗ್ಗಗಳು ಒಟ್ಟಿಗೆ ಬಡಿಯುವ ಕಡೆ ಬಾಯಿಗೇನು ಬೆಲೆ? ಕಿವಿಯೊಳಗೆ ಬಾಯಿಟ್ಟು ಕೂಗಿದರೂ ಅರ್ಧ ಮಾತು ಗಾಳಿಪಾಲು. ಹಾಗಾಗಿ ಅಲ್ಲಿ ಕೈಯೇ ಬಾಯಿ. ಎರಡು ಬೆರಳನ್ನು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ ಎಂದು. ಹೊಟ್ಟೆಗೆ ಮುಷ್ಟಿ ತಾಗಿಸಿದರೆ ಊಟದ ಹೊತ್ತು. ಕುತ್ತಿಗೆಪಟ್ಟಿ ಮುಟ್ಟಿದರೆ ಮೇಸ್ತ್ರಿ ಬರುತ್ತಿದ್ದಾನೆ, ನಗು ನಿಲ್ಲಿಸಿ. ಗಂಡನನ್ನು ಬೈಯಲು ಮಾತ್ರ ಹದಿನಾಲ್ಕು ಸನ್ನೆಗಳಿದ್ದವು. ಅವುಗಳಲ್ಲಿ ಒಂಬತ್ತನ್ನು ಹುಟ್ಟಿಸಿದವಳು ಎರಡನೇ ಮಗ್ಗದ ಮಾತಿನಮಲ್ಲಿ. ಒಮ್ಮೆ ಅವಳ ತೋರುಬೆರಳು ಕೊಯ್ದು ಪಟ್ಟಿ ಕಟ್ಟಿದಾಗ, "ಪಾಪ, ಮೂಗಿಯಾದಳು" ಎಂದು ಇಡೀ ಶೆಡ್ಡು ವಾರವಿಡೀ ನಕ್ಕಿತ್ತು.

ಚುನಾವಣೆಯ ಮಾತೂ ಅಲ್ಲಿ ಕೈಯಲ್ಲೇ ನಡೆಯುತ್ತಿತ್ತು. ಮತದಾನದ ಹಿಂದಿನ ದಿನ ಧಣಿ ಮೇಸ್ತ್ರಿಗೆ ಹೇಳುವನು, ಮೇಸ್ತ್ರಿ ಗಂಟಕ್ಕನಿಗೆ ಹೇಳುವನು. ಅವಳು ಸ್ಟೂಲು ಹತ್ತಿ ಒಂದು ಸನ್ನೆ ಮಾಡುವಳು. ಅದು ಎರಡನೇ ಮಗ್ಗಕ್ಕೆ, ಮೂರನೆಯದಕ್ಕೆ, ಹಾಗೆಯೇ ಕೊನೆಯ ಗೋಡೆಯವರೆಗೆ ಹರಿಯುವುದು. ಇಷ್ಟೇ. ಶೆಡ್ಡಿನ ಓಟೆಂದರೆ ಎಲ್ಲೂ ಹರಿಯದ ಬಟ್ಟೆಯ ಥಾನು ಎಂದು ಪೇಟೆಯವರು ಹೊಗಳುತ್ತಿದ್ದರು. ಹೊಗಳಿಕೆ ಎಂದು ಶೆಡ್ಡಿನವರೂ ಉಬ್ಬುತ್ತಿದ್ದರು. ಥಾನನ್ನು ನೇಯುವವರು ಬೇರೆ, ಕತ್ತರಿಸಿ ಮಾರುವವರು ಬೇರೆ ಎನ್ನುವುದು ನೇಯುವವರ ತಲೆಗೇ ಹೊಳೆಯಲಿಲ್ಲ.

ಕಳೆದ ಸಲ ಗಂಟಕ್ಕ ಸ್ಟೂಲಿನ ಮೇಲೆ ನಿಂತು ಮೀಸೆ ತಿರುವಿದ್ದಳು. ಮೀಸೆಯವನು ಗೆದ್ದ. ಅವನು ಯಾರು, ಏನು ಮಾಡಿದ್ದಾನೆ, ಏನು ಮಾಡುತ್ತಾನೆ, ಒಬ್ಬರೂ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಆ ಶೆಡ್ಡಿನ ಸನ್ನೆಗಳಲ್ಲಿ ಏನು ಎಂಬುದಕ್ಕೊಂದು ಇತ್ತು, ಎಲ್ಲಿ, ಎಷ್ಟು ಎಂಬುದಕ್ಕೂ ಇತ್ತು. ಯಾಕೆ ಎಂಬುದಕ್ಕೆ ಇರಲಿಲ್ಲ. ಮೂವತ್ತು ವರ್ಷದಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ.

ಈ ಸಲ ಮೇಸ್ತ್ರಿ ಹತ್ತು ದಿನ ಮೊದಲೇ ಸುದ್ದಿ ತಂದ. ಮೇಸ್ತ್ರಿ ಬೇರೆ ಯಾರೂ ಅಲ್ಲ, ಗಂಟಕ್ಕನ ಒಡಹುಟ್ಟಿದ ತಮ್ಮ. ಅವನನ್ನು ಕೈ ಹಿಡಿದು ಈ ಶೆಡ್ಡಿಗೆ ಸೇರಿಸಿದವಳೂ ಅವಳೇ. ಹೊರಗೆ ತಮ್ಮ, ಒಳಗೆ ಮೇಸ್ತ್ರಿ.

"ಅಕ್ಕಾ, ಈ ಸಲ ಕನ್ನಡಕ" ಎಂದ, ಬಾಗಿಲ ಹೊರಗೆ ಕರೆದು. "ತೊಟ್ಟಿಲಮನೆ ತೆಗೆಸ್ತೀನಿ ಅಂತ ಮಾತು ಕೊಟ್ಟಿದಾನೆ. ಬಾಯಿಮಾತಲ್ಲ, ಚೀಟಿ ಹೊಡೆಸಿ ಹಂಚ್ತಿದಾನೆ. ನಮ್ಮ ಲಾಳಿ ಕಥೆ ಹೇಳಿದ್ರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ."

"ನಿಜವಾಗ್ಲೂ?"

"ನಾನು ಸುಳ್ಳು ಹೇಳ್ತೀನಾ? ಮೀಸೆಗೆ ಮಣ್ಣು ಮುಕ್ಕಿಸೋಣ."

ಸುದ್ದಿ ಊಟದ ಬಿಡುವಿನಲ್ಲಿ ಬೆಂಕಿಯಂತೆ ಹಬ್ಬಿತು. ತೊಟ್ಟಿಲಮನೆ ಮುಚ್ಚಿಸಿದ ಮೀಸೆಯವನ ಮೇಲಿನ ಎರಡು ವರ್ಷದ ಸಿಟ್ಟಿಗೆ ಒಂದು ದಾರಿ ಸಿಕ್ಕಿತ್ತು. ಕಣ್ಣಿನ ಸುತ್ತ ಬೆರಳು ಸುತ್ತಿಸಿ ಕನ್ನಡಕದ ಸನ್ನೆ ಮಾಡಿ ಹೆಂಗಸರು ಕುಣಿದರು. ಮಾತಿನಮಲ್ಲಿ ನೂಲು ಸುತ್ತುವ ಎರಡು ಖಾಲಿ ಕಂಡಿಕೆಗಳನ್ನು ಕಣ್ಣಿಗೆ ಹಿಡಿದು ಶೆಡ್ಡು ತುಂಬ ಓಡಾಡಿದಳು. ಗಂಟಕ್ಕನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮಾರನೇ ದಿನ ಮಗಳ ಜೊತೆ ಲಾಳಿಯನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರಮ್ಮ ಮಗುವಿನ ಬೆನ್ನ ಹಿಂದೆ ಗಂಟೆ ಅಲ್ಲಾಡಿಸಿದರು. ಬಲಕ್ಕೆ ಅಲ್ಲಾಡಿಸಿದರೆ ಲಾಳಿ ತಿರುಗಿದಳು. ಎಡಕ್ಕೆ ಅಲ್ಲಾಡಿಸಿದರೆ ಗೋಡೆಯ ಮೇಲಿನ ಚಿತ್ರ ನೋಡುತ್ತ ಕುಳಿತಳು.

"ಒಂದು ಕಿವಿ ಉಳಿದಿದೆ" ಎಂದರು ಡಾಕ್ಟರಮ್ಮ. "ಅದನ್ನ ಉಳಿಸಿಕೊಳ್ಳಬೇಕು ಅಂದ್ರೆ ಆ ಸದ್ದಿಂದ ದೂರ ಇಡಿ. ಇವತ್ತಿಂದಲೇ."

"ಎಲ್ಲಿಡಲಿ ಡಾಕ್ಟ್ರೇ?" ಎಂದಳು ಮಗಳು. "ನೀವೇ ಹೇಳಿ, ಎಲ್ಲಿಡಲಿ?"

ಡಾಕ್ಟರಮ್ಮ ಕಾಗದ ಎಳೆದುಕೊಂಡು, "ಎಷ್ಟು ದಿನದಿಂದ ಮಗು ಮಗ್ಗದ ಪಕ್ಕ ಇದೆ? ತೊಟ್ಟಿಲಮನೆ ಮುಚ್ಚಿದ್ದು ಯಾವ ತಾರೀಖು?" ಎಂದು ಕೇಳಿದರು.

ತಾಯಿ ಮಗಳ ಮುಖ ನೋಡಿದಳು, ಮಗಳು ತಾಯಿಯ ಮುಖ ನೋಡಿದಳು. ಮಗುವಿನ ಕಿವಿ ತಿಂದ ದಿನ ಯಾವುದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

"ಪುರಸಭೆಯಲ್ಲಿ ಬರೆದಿಟ್ಟಿರ್ತಾರೆ. ತಿಳಿದುಕೊಂಡು ಬನ್ನಿ" ಎಂದರು ಡಾಕ್ಟರಮ್ಮ.

ಒಂದು ತಾರೀಖಿಗಾಗಿ ಗಂಟಕ್ಕ ಪುರಸಭೆಯ ಮೆಟ್ಟಿಲು ಹತ್ತಿದಳು. ದಾಖಲೆ ಕೋಣೆ ಮಹಡಿಯ ಮೆಟ್ಟಿಲಿನ ಕೆಳಗಿತ್ತು. ಗುಮಾಸ್ತ ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಳ್ಳುತ್ತ ಕುಳಿತಿದ್ದ.

"ಅರ್ಜಿ ಬರೀಬೇಕಾ ಸ್ವಾಮಿ?"

"ಯಾಕಮ್ಮ ಅರ್ಜಿ? ಸಭೆ ನಡಾವಳಿ ಪುಸ್ತಕ ಯಾರು ಬೇಕಾದ್ರೂ ನೋಡಬಹುದು. ಹದಿನೆಂಟು ವರ್ಷದಿಂದ ಇಲ್ಲಿ ಕೂತಿದೀನಿ. ನೋಡೋಕೆ ಬಂದವರಲ್ಲಿ ನೀವು ಮೂರನೆಯವರು. ಅದರಲ್ಲೂ ಒಬ್ಬರು ಮಳೆ ಅಂತ ಒಳಗೆ ಬಂದವರು."

"ಇನ್ನೊಬ್ಬರು?"

"ಆ ಸೂಲಗಿತ್ತಿ ಇದಾರಲ್ಲ, ಜಗಳಗಂಟಿ. ಬಂದ್ರೆ ಪುಸ್ತಕ ಓದ್ತಾರೆ, ಹೋಗುವಾಗ ನನ್ನ ಬೈದು ಹೋಗ್ತಾರೆ. ಈಗ ಓಟಿಗೂ ನಿಂತಿದಾರೆ, ಯಾರು ಹಾಕ್ತಾರೋ."

ಪುಸ್ತಕ ಬಂತು. ಗಂಟಕ್ಕ ಓದು ಬಲ್ಲವಳೇ, ಆದರೆ ಓದಿಗೂ ಅವಳಿಗೂ ಇದ್ದದ್ದು ಬಸ್ಸಿನ ಬೋರ್ಡಿನಷ್ಟು ನಂಟು. ಕಚೇರಿಯ ಭಾಷೆ ಬೇರೆ ಕಗ್ಗಂಟು. ಒಂದು ಮಾತಿನಲ್ಲಿ ಹೇಳುವುದನ್ನು ಅರ್ಧ ಪುಟ ಹೇಳಿ, ಹೇಳಬೇಕಾದ್ದನ್ನು ಕೊನೆಗೂ ಹೇಳದೆ ಬಿಡುವ ಭಾಷೆ. ಅವಳು ಹೆದರಲಿಲ್ಲ. ಸಿಕ್ಕುಬಿದ್ದ ನೂಲನ್ನು ಎಂದೂ ಎಳೆಯಬಾರದು, ತುದಿ ಹುಡುಕಬೇಕು. ಮೂವತ್ತು ವರ್ಷದ ವಿದ್ಯೆ ಅದು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಪುಟದಿಂದ ಪುಟಕ್ಕೆ ಹೋದಳು. ಒಂಬತ್ತನೇ ವಿಷಯದಲ್ಲಿ ತುದಿ ಸಿಕ್ಕಿತು.

ತೊಟ್ಟಿಲಮನೆಯ ಜಾಗವನ್ನು ಗೋದಾಮಿಗೆ ಕೊಡುವ ಬಗ್ಗೆ. ಸೂಚಿಸಿದವರು ಎಂಬಲ್ಲಿ ಮೀಸೆಯವನ ಹೆಸರು. ಅದು ಗೊತ್ತಿದ್ದದ್ದೇ. ಅನುಮೋದಿಸಿದವರು ಎಂಬಲ್ಲಿ ಅವಳ ಬೆರಳು ನಿಂತಿತು. ಆ ಹೆಸರನ್ನು ಅವಳು ಬರುವ ದಾರಿಯಲ್ಲಿ ಏಳು ಗೋಡೆಗಳ ಮೇಲೆ ಓದಿದ್ದಳು. ಆಳೆತ್ತರದ ಅಕ್ಷರ, ಪಕ್ಕದಲ್ಲೊಂದು ಕನ್ನಡಕದ ಚಿತ್ರ. ಆಗ ಪಕ್ಕದ ವಾರ್ಡಿನ ಸದಸ್ಯನಾಗಿದ್ದ ಅವನೇ, ಕಣ್ಣು ಒರೆಸಿಕೊಂಡ ಅವನೇ, ತೊಟ್ಟಿಲಮನೆ ಮುಚ್ಚಲು ಕೈ ಎತ್ತಿದ್ದ.

"ಎಲಾ ಇವನ" ಎಂದಳು ಗಂಟಕ್ಕ. ಗುಮಾಸ್ತ ತಲೆ ಎತ್ತಿ ಮತ್ತೆ ಕಿವಿ ಕೆರೆದುಕೊಂಡ.

ಅವಳು ಇನ್ನೂ ಕೆಳಗೆ ಓದಿದಳು. ಸಾರ್ವಜನಿಕರ ಆಕ್ಷೇಪಣೆಗೆ ಮೂವತ್ತು ದಿನ ಸಮಯ ಕೊಡಲಾಗಿದೆ. ನೇಯ್ಗೆ ಶೆಡ್ಡಿನ ಒಳಗೋಡೆಗೆ, ಕೆಲಸಗಾರರು ಚೀಲ ತೂಗುಹಾಕುವ ಸ್ಥಳದಲ್ಲಿ, ಪ್ರಕಟಣೆ ಅಂಟಿಸಲಾಗಿದೆ. ಬಂದ ಆಕ್ಷೇಪಣೆ ಒಂದು. ಬರೆದವರು ಸೂಲಗಿತ್ತಿ: ಮಗ್ಗದ ಸದ್ದು ಎಳೆಗಿವಿಗೆ ಆಗದು, ಮಕ್ಕಳನ್ನು ಎಲ್ಲಿಡುತ್ತೀರಿ ತಿಳಿಸಿ. ಅದರ ಮುಂದೆ ಸಭೆಯ ತೀರ್ಮಾನ: ಓದಿ ದಾಖಲಿಸಲಾಯಿತು.

ಗಂಟಕ್ಕ ಪೆನ್ಸಿಲ್ ಕೇಳಿ ಪಡೆದು, ಇಡೀ ಪುಟವನ್ನು ಅಕ್ಷರ ಬಿಡದೆ ಎರಡು ಹಾಳೆಗಿಳಿಸಿದಳು. ತಾರೀಖನ್ನು ಮೇಲೆ ದಪ್ಪಗೆ ಬರೆದಳು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋಗಿ, ಚೀಲದ ಮೊಳೆಗಳ ಮುಂದೆ ನಿಂತಳು. ಅವಳ ಮೊಳೆ ಎಡದಿಂದ ಮೊದಲನೆಯದು. ಮೂವತ್ತು ವರ್ಷದಿಂದ ಅದೇ. ಮೊಳೆಯ ಕೆಳಗೆ ಗೋಡೆಯ ಮೇಲೆ ಒಂದು ಹಳದಿ ಕಾಗದ ಇನ್ನೂ ಅಂಟಿಕೊಂಡಿತ್ತು. ಅಕ್ಷರಗಳು ಮಾಸಿದ್ದವು. ನಟ್ಟನಡುವೆ ಅವಳ ಬುತ್ತಿಡಬ್ಬಿಯ ಎಣ್ಣೆ ದುಂಡಗೆ ಇಳಿದಿತ್ತು. ಮೂವತ್ತು ದಿನ ಅದು ಅಲ್ಲಿತ್ತು, ಮೂವತ್ತು ದಿನವೂ ಅವಳು ಅದರ ಮೇಲೆ ಚೀಲ ನೇತುಹಾಕಿ ಮಗ್ಗಕ್ಕೆ ಹೋಗಿದ್ದಳು. ಕದ್ದವನು ಕೂಡ ಮನೆಯವರಿಗೆ ಚೀಟಿ ಬರೆದಿಟ್ಟೇ ಕದ್ದಿದ್ದ. ಮನೆಯವರು ಆ ಚೀಟಿಯ ಮೇಲೆ ಊಟದ ಡಬ್ಬಿ ಇಟ್ಟಿದ್ದರು.

ಅಳಬೇಕೆನಿಸಲಿಲ್ಲ ಅವಳಿಗೆ. ತನ್ನ ಎರಡು ಹಾಳೆಗಳನ್ನು ಆ ಹಳದಿ ಕಾಗದದ ಪಕ್ಕದಲ್ಲೇ ಅಂಟಿಸಿದಳು. ಆಮೇಲೆ, ಇನ್ನು ಅವುಗಳ ಮೇಲೆ ಚೀಲ ಬೀಳಬಾರದೆಂದು, ತನ್ನ ಮೊಳೆಯನ್ನು ಕಿತ್ತು ಕೆಲಸದ ಅಂಗಿಯ ಕಿಸೆಗೆ ಹಾಕಿಕೊಂಡಳು.

ಊಟದ ಬಿಡುವಿನಲ್ಲಿ ಮಗಳನ್ನೂ ಮಾತಿನಮಲ್ಲಿಯನ್ನೂ ಕರೆದುಕೊಂಡು ಬಂದು ಅಲ್ಲಿ ನಿಲ್ಲಿಸಿದಳು. ಮಾತಿನಮಲ್ಲಿ ಓದಿದಳು. ಮುಗಿಸಿ ಮತ್ತೆ ಮೊದಲಿಂದ ಓದಿದಳು.

"ಕಳ್ಳನನ್ನ ಓಡಿಸೋಕೆ ಕಳ್ಳನ ಭಾವಮೈದುನನ್ನ ಕರೀತಾ ಇದ್ವಾ ನಾವು? ನಾನು ಕಂಡಿಕೆ ಕಣ್ಣಿಗೆ ಇಟ್ಕೊಂಡು ಕುಣಿದೆನಲ್ಲೇ ಗಂಟಕ್ಕ. ನನ್ನ ಕುಣಿತ ವಾಪಸ್ ಕೊಡಿಸು."

ಮಗಳ ಕಣ್ಣು ಹೊಳೆಯುತ್ತಿತ್ತು. "ಅಮ್ಮ, ಇನ್ನೇನು ಯೋಚನೆ? ಸೂಲಗಿತ್ತಿ ಅಂತ ಸನ್ನೆ ಮಾಡು. ತೊಟ್ಟಿಲು ತೂಗಿದ ಹಾಗೆ ಕೈ ಆಡಿಸಿದ್ರೆ ಮುಗೀತು. ನೂರಾ ಹನ್ನೆರಡು ಓಟು. ನೀನು ಕೈ ಎತ್ತಿದ್ರೆ ಯಾರೂ ಎದುರಾಡಲ್ಲ."

"ಅದೇ ಕಣೆ ನನ್ನ ಹೆದರಿಕೆ" ಎಂದಳು ಗಂಟಕ್ಕ. "ಕಳೆದ ಸಲಾನೂ ಯಾರೂ ಎದುರಾಡಲಿಲ್ಲ."

"ಆಗ ಹೇಳಿದ್ದು ತಪ್ಪು ಮನುಷ್ಯನ್ನ. ಈಗ ಸರಿ."

"ನನಗೇನು ಗೊತ್ತು ಸರಿ ಅಂತ? ಆಯಮ್ಮ ಒಂದು ಕಾಗದ ಬರೆದಿದಾಳೆ, ಒಳ್ಳೇದು. ಗೆದ್ದ ಮೇಲೆ ಏನು ಮಾಡ್ತಾಳೆ, ಎಲ್ಲಿಂದ ಜಾಗ ತರ್ತಾಳೆ, ಕೇಳಿದೀವಾ? ನಾನು ಹೇಳಿದ್ದಕ್ಕೆ ಹಾಕಿದವರು ನಾಳೆ ಅವಳನ್ನ ಕೇಳ್ತಾರಾ? ಮತ್ತೆ ಚೀಲ ನೇತುಹಾಕ್ತಾರೆ."

ಮಗಳು ಸೊಂಟದ ಮೇಲಿದ್ದ ಲಾಳಿಯನ್ನು ಕೆಳಗಿಳಿಸಿದಳು. ಲಾಳಿಯ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಮಾತಿನಮಲ್ಲಿ ಆಟಕ್ಕೆಂದು ಕಿತ್ತುಕೊಂಡಳು. ಲಾಳಿ ಅಳಲಿಲ್ಲ. ಎರಡೂ ಅಂಗೈ ಬಿಚ್ಚಿ, ಅವಳ ಮೂಗಿನ ಮುಂದೆ ಹಿಡಿದು, ಹುಬ್ಬೇರಿಸಿ ಅಲ್ಲಾಡಿಸಿದಳು. ಕಿತ್ತುಕೊಂಡವರನ್ನು ಆ ಮಗು ಹಾಗೆಯೇ ವಿಚಾರಿಸುತ್ತಿತ್ತು. ಕೊಡುವವರೆಗೆ ಬಿಡುತ್ತಿರಲಿಲ್ಲ.

ಗಂಟಕ್ಕ ಆ ಪುಟ್ಟ ಅಂಗೈಗಳನ್ನೇ ನೋಡುತ್ತಿದ್ದಳು. ಆಮೇಲೆ ತನ್ನ ಅಂಗೈ ಬಿಚ್ಚಿ ಹಾಗೆಯೇ ಅಲ್ಲಾಡಿಸಿದಳು.

"ಇದು" ಎಂದಳು. "ಇದೇ ನಮ್ಮ ಹತ್ರ ಇಲ್ಲದ್ದು."

ಮಾತಿನಮಲ್ಲಿಗೆ ಹೊಸ ಸನ್ನೆ ಸಿಕ್ಕಿದ್ದೇ ತಡ, ಹೊಸ ಸೀರೆ ಸಿಕ್ಕಷ್ಟು ಸಂಭ್ರಮ. ಅಂದೇ ಸಂಜೆಯ ಹೊತ್ತಿಗೆ ಮೂವತ್ತು ಮಗ್ಗದವರಿಗೆ ಕಲಿಸಿದಳು. ಮೊದಮೊದಲು ಅದು ಆಟವಾಯಿತು. ಎಳೆ ಹರಿಯಿತು ಎಂದರೆ ಯಾಕೆ, ಊಟಕ್ಕೆ ಬಾ ಎಂದರೆ ಯಾಕೆ. ಮೂರನೇ ದಿನ ಆಟದ ಬಣ್ಣ ಬದಲಾಯಿತು. ಮೊಳೆಗಳ ಮುಂದೆ ಸಾಲು ನಿಂತಿತು. ಓದಲು ಬಾರದವರಿಗೆ ಓದು ಬಂದವರು ಓದಿ ಹೇಳಿದರು. ಇಪ್ಪತ್ತನೇ ಮಗ್ಗದವಳು, "ಇದು ಗಂಟಕ್ಕ ಬರೆದದ್ದು, ನಿಜ ಅಂತ ಏನು ಗ್ಯಾರಂಟಿ?" ಎಂದು ಎದುರಿಗೇ ಕೇಳಿದಳು. ಗಂಟಕ್ಕನಿಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. "ಹೋಗಿ ನೋಡಿಕೊಂಡು ಬಾ ತಾಯಿ" ಎಂದಳು. ಅವಳು ಹೋಗಿ ನೋಡಿ ಬಂದಳು. ಆ ವಾರ ದಾಖಲೆ ಕೋಣೆಗೆ ಹನ್ನೊಂದು ಜನ ಹೋದರು. ಗುಮಾಸ್ತ ಕಿವಿ ಕೆರೆಯುವುದನ್ನು ಬಿಟ್ಟು ಎರಡನೇ ಬೆಂಚು ತರಿಸಿದ.

ಆದರೂ ನೂರಾ ಹನ್ನೆರಡು ಎಂದರೆ ಹನ್ನೊಂದಲ್ಲ. ಉಳಿದವರು ಸ್ಟೂಲಿನ ಕಡೆಗೇ ನೋಡುತ್ತಿದ್ದರು.

ಮತದಾನದ ಹಿಂದಿನ ದಿನ, ಪಾಳಿ ಮುಗಿಯಲು ಕಾಲು ಗಂಟೆಯಿತ್ತು. ಮೇಸ್ತ್ರಿ ಬಂದು ಮೊದಲನೇ ಮಗ್ಗದ ಪಕ್ಕ ನಿಂತ. ಕಣ್ಣಿನ ಸುತ್ತ ಬೆರಳು ಸುತ್ತಿಸಿ, ಸ್ಟೂಲಿನ ಕಡೆ ತೋರಿಸಿದ.

ಗಂಟಕ್ಕ ಸ್ಟೂಲು ಹತ್ತಿದಳು. ಮಗ್ಗಗಳು ಬಡಿಯುತ್ತಲೇ ಇದ್ದವು, ಕೈಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಕಣ್ಣುಗಳೆಲ್ಲ ಅವಳ ಮೇಲೆ. ಅವಳು ತಮ್ಮನ ಕಡೆ ತಿರುಗಿ, ಎರಡೂ ಅಂಗೈ ಬಿಚ್ಚಿ, ಅವನ ಮುಖದ ಮುಂದೆ ಹಿಡಿದು ಅಲ್ಲಾಡಿಸಿದಳು.

ಯಾಕೆ?

ಅವನಿಗೆ ಅರ್ಥವಾಗಲಿಲ್ಲ. ಮತ್ತೆ ಕನ್ನಡಕದ ಸನ್ನೆ ಮಾಡಿದ. ಎರಡನೇ ಮಗ್ಗದಿಂದ ಮಾತಿನಮಲ್ಲಿ ಅಂಗೈ ಬಿಚ್ಚಿದಳು. ಮೂರನೆಯದರಿಂದ, ನಾಲ್ಕನೆಯದರಿಂದ. ಪೆಟ್ಟಿಗೆಯೊಳಗಿಂದ ಲಾಳಿ, ತನ್ನ ಸನ್ನೆ ಊರಿಗೆಲ್ಲ ಗೊತ್ತಾಯಿತೆಂಬ ಖುಷಿಗೆ ಕೈ ಎತ್ತಿ ಕುಪ್ಪಳಿಸಿದಳು. ಹತ್ತು, ಮೂವತ್ತು, ಎಪ್ಪತ್ತು. ಗೋಡೆಯ ತುದಿಯವರೆಗೆ ಅಂಗೈಗಳು ಬಿಚ್ಚಿಕೊಂಡವು. ಅಷ್ಟು ಸದ್ದಿನ ನಡುವೆ ಆ ಶೆಡ್ಡು ಅಷ್ಟು ಗಟ್ಟಿಯಾಗಿ ಎಂದೂ ಮಾತಾಡಿರಲಿಲ್ಲ.

ಮೇಸ್ತ್ರಿ ಓಡಿಹೋಗಿ ದೊಡ್ಡ ಸ್ವಿಚ್ಚು ಎಳೆದ. ಮಗ್ಗಗಳು ಒಂದೊಂದಾಗಿ ನಿಂತವು. ಮೌನ ಎಲ್ಲರ ಕಿವಿಗೂ ನೀರಿನಂತೆ ನುಗ್ಗಿತು.

"ಅಕ್ಕಾ, ಏನಿದು ನಾಟಕ?" ಎಂದು ಸ್ಟೂಲಿನ ಬಳಿ ಓಡಿಬಂದ. "ನನ್ನ ಮೇಸ್ತ್ರಿಕೆ ಕಳೀಬೇಕು ಅಂತಿದೀಯಾ? ಧಣಿ ಹೇಳಿದಾರೆ. ಆತ ತೊಟ್ಟಿಲಮನೆ ತೆಗೆಸ್ತಾನೆ."

"ಮುಚ್ಚಿಸೋಕೆ ಕೈ ಎತ್ತಿದವನೂ ಅವನೇ. ಗೋಡೆ ಮೇಲಿದೆ ನೋಡು. ಒಂದು ವಾರದಿಂದ ಅದರ ಮುಂದೆ ಓಡಾಡ್ತಿದೀಯ, ಓದಿದೆಯಾ?"

ಅವನು ಗೋಡೆಯ ಕಡೆ ನೋಡಿದ, ಅಕ್ಕನ ಕಡೆ ನೋಡಿದ. ಓದಿರಲಿಲ್ಲ.

"ಕನ್ನಡಕ ಅಂತ ನಾನು ಹೇಳಲ್ಲ" ಎಂದಳು ಗಂಟಕ್ಕ.

ಶೆಡ್ಡು ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಹಾಗಾದ್ರೆ ಯಾರಿಗೆ ಹೇಳು ಗಂಟಕ್ಕ. ನೀನು ಓದಿದೀಯ, ನಿನಗೆ ಗೊತ್ತು. ನೀನು ಹೇಳಿದವರಿಗೇ ನಮ್ಮ ಓಟು."

"ಹೌದು, ಹೇಳು."

"ಬೇಗ ಹೇಳಕ್ಕ, ಗಂಟೆ ಹೊಡೆಯುತ್ತೆ."

ಮಗಳು ಲಾಳಿಯನ್ನು ಪೆಟ್ಟಿಗೆಯಿಂದೆತ್ತಿ ಸೊಂಟಕ್ಕೇರಿಸಿಕೊಂಡು ಸ್ಟೂಲಿನ ಬಳಿ ಬಂದಳು. ಎಲ್ಲರೂ ದಾರಿ ಬಿಟ್ಟರು. "ಅಮ್ಮ" ಎಂದಳು ಮೆಲ್ಲಗೆ, "ನಿನ್ನ ಕೈ ಹಿಡಿದು ಕೇಳ್ತೀನಿ. ಒಂದೇ ಒಂದು ಸನ್ನೆ. ಇದರ ಒಂದು ಕಿವಿ ಉಳಿದಿದೆ. ನಿನ್ನ ಕೈಯಲ್ಲಿದೆ ಅದು."

ಗಂಟಕ್ಕನ ಕೈಗಳು ತಾವಾಗಿಯೇ ಮೇಲೇಳಲು ಹವಣಿಸಿದವು. ಒಮ್ಮೆ ತೊಟ್ಟಿಲು ತೂಗಿದರೆ ಸಾಕು, ನೂರಾ ಹನ್ನೆರಡು ಓಟು ಥಾನಿನಂತೆ ಸುತ್ತಿಕೊಂಡು ಒಂದೇ ಕಡೆ ಬೀಳುತ್ತವೆ. ಮಗುವಿನ ಉಸಿರು ಅವಳ ಮೊಣಕಾಲಿಗೆ ತಾಗುತ್ತಿತ್ತು. ಈ ಕೈಗಳೇ ಅಲ್ಲವೇ ಮೀಸೆ ತಿರುವಿದ್ದು. ಇವು ಎದ್ದಾಗಲೆಲ್ಲ ಕೆಳಗೆ ನಿಂತವರ ಕಣ್ಣು ಮುಚ್ಚಿಕೊಳ್ಳುತ್ತದೆ.

ಒಂದು ಕೈಯನ್ನು ಕಿಸೆಗೆ ತುರುಕಿದಳು, ಒಳಗಿನ ಮೊಳೆ ಬೆರಳಿಗೆ ಚುಚ್ಚಿತು.

"ದಾಖಲೆ ಕೋಣೆ ಐದು ಗಂಟೆವರೆಗೆ ತೆಗೆದಿರುತ್ತೆ" ಎಂದಳು. "ಈಗ ಮೂರು. ಸೂಲಗಿತ್ತಿ ಮನೆ ಅದರ ಹಿಂದಿನ ಬೀದಿ. ಹೋಗಿ ಓದಿ, ಹೋಗಿ ಕೇಳಿ, ಬೇಕಾದ್ರೆ ಆಯಮ್ಮನ ಹತ್ರ ಜಗಳ ಆಡಿ. ಲಾಳಿನೂ ಕರ್ಕೊಂಡು ಹೋಗಿ, ಯಾಕೆ ಅಂತ ಕೇಳೋಕೆ ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಬರುತ್ತೆ."

"ಅದೆಲ್ಲ ಆಮೇಲೆ" ಎಂದಳು ಮಗಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಈಗ ಹೇಳಮ್ಮ. ಯಾರಿಗೆ?"

"ಹೇಳಲ್ಲ" ಎಂದಳು ಗಂಟಕ್ಕ, ಮತ್ತು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.